ಪೆನ್ಕಾ ಮತ್ತು ಬಿಚ್ಚಿಟ್ಟ ದಾರ

ಪೆನ್ಕಾ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಗಂಡ ಹಲ್ಲುನೋವು ಎಂದರೂ ಬಾಯಿ ತೆರೆಸಿ ನೋಡುವವಳು. ಅಂಥವಳು ಆ ಕಂಪ್ಯೂಟರನ್ನು ನಂಬಿದ್ದಳು.

ನಮ್ಮ ರೊಡೋಪಿ ಬೆಟ್ಟದ ಊರಿನಲ್ಲಿ, ಮನಸ್ಸು ಕುಗ್ಗಿದ ಹುಡುಗ ಹುಡುಗಿಯರಿಗಾಗಿ ಇರುವ ಚಿಕಿತ್ಸಾ ಕೇಂದ್ರದ ಮುಂಬಾಗಿಲ ಮೇಜು ಅವಳದು, ವ್ಯಾನು ಓಡಿಸುವ ಕೆಲಸ ನನ್ನದು. ಡಾಕ್ಟರು ಒಬ್ಬರೇ. ಹೆಸರು ಬರೆಸಿದವರಲ್ಲಿ ಎಷ್ಟೋ ಜನ ಬರುತ್ತಿರಲಿಲ್ಲ. ಬರಬೇಕೆಂದವರಿಗೆ ತಿಂಗಳುಗಟ್ಟಲೆ ಸರದಿ ಸಿಗುತ್ತಿರಲಿಲ್ಲ. ಹೊಸ ಕಂಪ್ಯೂಟರು ಹಳೆಯ ಸರದಿಗಳನ್ನೆಲ್ಲ ನೋಡಿ ಕಲಿತು, ಯಾರು ಬರುವುದಿಲ್ಲ ಎಂದು ಮೊದಲೇ ಹೇಳುತ್ತಿತ್ತು. ಪೆನ್ಕಾ ಆ ಹೊತ್ತನ್ನು ಇನ್ನೊಬ್ಬರಿಗೆ ಕೊಡುತ್ತಿದ್ದಳು. ಅದರಿಂದ ಬಹಳ ಮಕ್ಕಳಿಗೆ ಒಳ್ಳೆಯದಾಯಿತು, ಸುಳ್ಳೇಕೆ ಹೇಳಲಿ. ನಿನ್ನ ಗಂಡನಿಗಿಂತ ಅದರ ಮುಖವನ್ನೇ ಹೆಚ್ಚು ನೋಡುತ್ತೀ ಎಂದು ನಾನು ಅವಳನ್ನು ಕಿಚಾಯಿಸುತ್ತಿದ್ದೆ.

ಮಾರ್ಚ್ ತಿಂಗಳು, ಇನ್ನೂ ಹಿಮ ಕರಗಿರಲಿಲ್ಲ. ಮೇಲಿನ ಹಳ್ಳಿಯ ಸೆವ್ದಾ ಎಂಬ ಹುಡುಗಿ ಚಳಿಗಾಲದಲ್ಲಿ ಕೊಟ್ಟ ಒಂದು ಸರದಿಗೂ ಬಂದಿರಲಿಲ್ಲ. ಈ ಸಲವೂ ಬರುವುದಿಲ್ಲ ಎಂದಿತು ಕಂಪ್ಯೂಟರು. ಪೆನ್ಕಾ ಅವಳ ಹೊತ್ತಿಗೆ ಬೇರೊಬ್ಬ ಹುಡುಗನನ್ನು ಒಳಗೆ ಕಳಿಸಿದಳು. ಅವನ ಹಿಂದೆ ಬಾಗಿಲು ಮುಚ್ಚಿದೊಡನೆ ಸೆವ್ದಾ ಬಂದಳು. ಮೊಣಕಾಲವರೆಗೆ ಒದ್ದೆಯಾಗಿದ್ದಳು.

ಇವತ್ತು ಜಾಗವಿಲ್ಲ, ಮುಂದಿನ ವಾರ ಕೊಡುತ್ತೇನೆ ಎಂದಳು ಪೆನ್ಕಾ. ಹುಡುಗಿ ಜಗಳವಾಡಲಿಲ್ಲ. ಮಣಿಕಟ್ಟಿನ ಕೆಂಪು ಬಿಳಿ ದಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ಇದು ನಿಮಗಿರ್ಲಿ ಆಂಟಿ. ನಂಗಿನ್ನು ಬೇಡ," ಎಂದು ಹೊರಟುಹೋದಳು.

ವರ್ಷವೆಲ್ಲ ಚೆನ್ನಾಗಿರಲೆಂದು ಮಾರ್ಚ್ ಒಂದರಂದು ಕಟ್ಟಿಕೊಂಡ ಆ ದಾರವನ್ನು ನಮ್ಮಲ್ಲಿ ಯಾರೂ ಹಾಗೆ ಬಿಚ್ಚುವುದಿಲ್ಲ. ಹೂಬಿಟ್ಟ ಮರ ಕಂಡಮೇಲೆ ಬಿಚ್ಚಿ ಅದರ ಕೊಂಬೆಗೆ ಕಟ್ಟುತ್ತೇವೆ. ಅವತ್ತು ಊರಲ್ಲಿ ಒಂದು ಮೊಗ್ಗೂ ಇರಲಿಲ್ಲ. ಪೆನ್ಕಾ ದಾರವನ್ನು ಮುಷ್ಟಿಯಲ್ಲಿ ಹಿಡಿದು, ಕೋಟೂ ಹಾಕದೆ ಓಡಿ ಬಂದು ವ್ಯಾನು ಹತ್ತಿದಳು.

ಬಸ್ ನಿಲ್ದಾಣದಲ್ಲಿ ಹುಡುಗಿ ಇರಲಿಲ್ಲ. ಪೇಟೆ ಬೀದಿಯಲ್ಲೂ ಇಲ್ಲ. ಬೇಗ ಹೋಗು ಎಂದು ಪೆನ್ಕಾ ನನ್ನನ್ನು ಬೈದಳು, ಅವಳು ಕಣ್ತಪ್ಪಿಯಾಳು ನಿಧಾನ ಹೋಗು ಎಂದೂ ಬೈದಳು. ನಾನು ಎರಡೂ ಬದಿ ನೋಡುತ್ತ ಓಡಿಸಿದೆ. ಕೊನೆಗೆ ಹಳೆಯ ಕಲ್ಲುಕ್ವಾರಿಯ ದಾರಿಯಲ್ಲಿ ಕಂಡಳು. ಆ ಕಡೆ ಮನೆಗಳೇ ಇಲ್ಲ.

ಪೆನ್ಕಾ ಇಳಿದು ಓಡಿ ಅವಳ ಕೈ ಹಿಡಿದು ದಾರ ಕಟ್ಟತೊಡಗಿದಳು. ಚಳಿಗೆ ಬೆರಳು ಮಡಚುತ್ತಿರಲಿಲ್ಲ, ಗಂಟು ಬೀಳುತ್ತಿರಲಿಲ್ಲ.

"ಮರ ಹೂ ಬಿಡೋ ತನಕ ಬಿಚ್ಚಬಾರ್ದು ಅಂತ ನಿಂಗ್ಯಾರೂ ಹೇಳಿಲ್ವೇನೇ, ಪುಟ್ಟಿ?"

ಸೆವ್ದಾ ಆಗ ಅತ್ತಳು. "ಹಿಮ ಬಿದ್ರೆ ನಮ್ಮೂರಿಗೆ ಬಸ್ಸೇ ಬರಲ್ಲ ಅಂತ ನಿಮಗ್ಯಾರೂ ಹೇಳಿಲ್ವಾ? ಪ್ರತಿ ಸಲಾನೂ ಸ್ಟಾಪಲ್ಲಿ ನಿಂತಿದ್ದೆ ಆಂಟಿ. ಇವತ್ತು ನಡ್ಕೊಂಡೇ ಬಂದೆ."

ಪೆನ್ಕಾ ಅವಳನ್ನು ತಬ್ಬಿಕೊಂಡೇ ವ್ಯಾನಿನಲ್ಲಿ ಕರೆತಂದಳು, ಡಾಕ್ಟರ ಬಾಗಿಲು ತಟ್ಟಿ ಒಳಗೆ ಕೂರಿಸಿದಳು. ಆಮೇಲೆ ಬಂದು ತನ್ನ ಮೇಜಿನ ಮುಂದೆ ಕೂತಳು. ಸೆವ್ದಾಳ ಹೆಸರಿನ ಎದುರು ಕಂಪ್ಯೂಟರು ಆಗಲೇ ತಾನಾಗಿ ಬರೆದುಕೊಂಡಿತ್ತು: ಈ ಸಲವೂ ಬರಲಿಲ್ಲ.

ಪೆನ್ಕಾ ಅದನ್ನು ಅಳಿಸಿದಳು. ಇನ್ನು ಹಿಮ ಬಿದ್ದ ದಿನ ವ್ಯಾನು ಮೇಲಿನ ಹಳ್ಳಿಗೆ ಹೋಗುತ್ತದೆ ಎಂದಳು. ನನ್ನನ್ನು ಕೇಳಲಿಲ್ಲ, ಹೇಳಿದಳು.