ಘಾಟು ಬಾರದ ಮೆಣಸಿನಕಾಯಿ

ನಮ್ಮ ಟೈಪಿಂಗ್ ಮೇಡಂ ಅವರ ಎಡಗೈಯ ಕಿರುಬೆರಳು ತುದಿಯಲ್ಲಿ ಹೊರಕ್ಕೆ ವಾಲಿಕೊಂಡಿತ್ತು. ಹಳೆಯ ಟೈಪ್‌ರೈಟರಿನ ಬಿಗಿಯಾದ ‘ಎ’ ಕೀಲಿಯನ್ನು ವರ್ಷಗಟ್ಟಲೆ ಒತ್ತಿ ಹಾಗಾಗಿದ್ದು ಎಂದು ಅವರೇ ಹೇಳುತ್ತಿದ್ದರು. ಕಾಫಿ ಲೋಟ ಹಿಡಿದಾಗ ಆ ಬೆರಳು ಮಾತ್ರ ಲೋಟಕ್ಕೆ ತಾಗದೆ ದೂರ ನಿಲ್ಲುತ್ತಿತ್ತು. ಯಾರನ್ನಾದರೂ ಬೈಯುವಾಗ ಮುಂದೆ ಬರುತ್ತಿದ್ದುದೂ ಅದೇ ಬೆರಳು.

ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು, ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವರ ಇನ್‌ಸ್ಟಿಟ್ಯೂಟ್ ಇತ್ತು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಟೈಪ್‌ರೈಟರುಗಳ ಸಾಲಿನ ಕೊನೆಗೆ ಒಂದು ಕಂಪ್ಯೂಟರೂ ಬಂದು ಕೂತಿತ್ತು. ಇಂಟರ್ನೆಟ್ ಸಿಗಬೇಕಾದರೆ ಅದು ಮೊದಲು ಕೀರಲು ದನಿಯಲ್ಲಿ ಒಂದಷ್ಟು ಹೊತ್ತು ಅರಚಬೇಕಿತ್ತು. ಅದು ಅರಚುವಷ್ಟು ಹೊತ್ತೂ ಮೇಡಂ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದರು.

ಮೇಡಂಗೆ ಹೊಟ್ಟೆಕಿಚ್ಚು ಜಾಸ್ತಿ. ಇದು ನಾನು ಬೆನ್ನ ಹಿಂದೆ ಆಡುವ ಮಾತಲ್ಲ, ಅವರೇ ಎಲ್ಲರೆದುರು ಹೇಳಿಕೊಳ್ಳುತ್ತಿದ್ದುದು. ಬೇರೆಯವರು ಅದನ್ನು ಒಳಗಿಟ್ಟುಕೊಂಡು ಮೇಲೆ ಹಲ್ಲು ಕಿರಿಯುತ್ತಾರೆ. ಇವರಿಗೆ ಆ ಅಭ್ಯಾಸವಿರಲಿಲ್ಲ. ಹರೆಯದಲ್ಲಿ ಅವರಿಗೆ ದೆಹಲಿಯಲ್ಲಿ ಸ್ಟೆನೋ ಕೆಲಸ ಸಿಕ್ಕಿತ್ತಂತೆ, ಮನೆಯವರು ಕಳಿಸಲಿಲ್ಲವಂತೆ. “ಅವತ್ತಿಂದ ನಂಗೆ ಪೆಟ್ಟಿಗೆ ಹಿಡಿದು ಹೊರಟವ್ರನ್ನ ಕಂಡ್ರೆ ಆಗೋದಿಲ್ಲ” ಎನ್ನುತ್ತಿದ್ದರು.

ಅವರಲ್ಲಿ ಕಲಿತವರಿಗೆ ಏನಾದರೂ ಒಳ್ಳೆಯದಾದರೆ ಒಂದು ಶಾಸ್ತ್ರ ನಡೆಯುತ್ತಿತ್ತು. “ಥೂ, ನಂಗೆ ಉರೀತಿದೆ ಮಾರಾಯ. ನನ್ನ ಕಣ್ಣು ಬಿದ್ದಾಯ್ತು, ನಾನೇ ತೆಗೀತೇನೆ, ಕೂತ್ಕೋ” ಎಂದು ಸ್ಟೂಲಿನ ಮೇಲೆ ಕೂರಿಸಿ, ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿವಾಳಿಸುತ್ತಿದ್ದರು. ಆಮೇಲೆ ಅದನ್ನು ಕಾಫಿ ಕಾಯಿಸುವ ಕರೆಂಟ್ ಒಲೆಯ ಕೆಂಪು ಸುರುಳಿಯ ಮೇಲೆ ಹಾಕುತ್ತಿದ್ದರು. ಮೆಣಸಿನಕಾಯಿ ಸುಟ್ಟು ಘಾಟು ಬಂದರೆ ದೃಷ್ಟಿ ಆಗಿರಲಿಲ್ಲ ಎಂದು ಲೆಕ್ಕ. ಘಾಟು ಬಾರದಿದ್ದರೆ ಭಾರೀ ದೃಷ್ಟಿಯೇ ಆಗಿತ್ತು ಎಂದರ್ಥ. ಒಬ್ಬ ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಾಗ ಎಂಥ ಘಾಟು ಎದ್ದಿತೆಂದರೆ ನಾವೆಲ್ಲ ಕೆಮ್ಮುತ್ತ ಮೆಟ್ಟಿಲಿಳಿದು ರಸ್ತೆಗೆ ಬಂದಿದ್ದೆವು. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, “ನಿನ್ನ ಮೇಲೆ ನಂಗೆ ಅಂಥ ಹೊಟ್ಟೆಕಿಚ್ಚೇನೂ ಇರ್ಲಿಲ್ಲ ಬಿಡು. ಬ್ಯಾಂಕ್ ಅಲ್ವಾ” ಎಂದರು. ಪಾಪ, ಆ ಹುಡುಗನ ಮುಖ ಸಣ್ಣಗಾಯಿತು.

ಪಿಯುಸಿ ಮುಗಿದ ರಜೆಯಲ್ಲಿ ನಾನು ಶೆಟ್ಟಿಕೊಪ್ಪದಿಂದ ಅಲ್ಲಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಶೃಂಗೇರಿಯಿಂದ ಇನ್ನೊಬ್ಬಳು ಬರುತ್ತಿದ್ದಳು. ಆಮೇಲೆ ಮಂಗಳೂರಿನಲ್ಲಿ ಒಂದೇ ಕಾಲೇಜು, ಒಂದೇ ಹಾಸ್ಟೆಲ್ ಕೋಣೆ, ಇಬ್ಬರದೂ ಸಸ್ಯಶಾಸ್ತ್ರ. ಟೈಪಿಂಗಿನಲ್ಲಿ ಅವಳ ವೇಗ ನನಗಿಂತ ಹೆಚ್ಚು, ಅಂಕವೂ ಹೆಚ್ಚು, ಕೂದಲು ಕೂಡ. ಅವಳು ಒಳ್ಳೆಯವಳು, ಅದೇ ದೊಡ್ಡ ತೊಂದರೆ. ಕೆಟ್ಟವಳಾಗಿದ್ದರೆ ದ್ವೇಷಿಸಿ ಹಾಯಾಗಿರಬಹುದಿತ್ತು. ಒಳ್ಳೆಯವಳ ಪಕ್ಕದ ಮಂಚದಲ್ಲಿ ಮಲಗಿ ಮೂರು ವರ್ಷ ಹೊಟ್ಟೆ ಉರಿದುಕೊಳ್ಳುವುದು ಸುಲಭವಲ್ಲ.

ಕೊನೆಯ ವರ್ಷಕ್ಕೆ ಮುಂಚೆ ಕಾಲೇಜಿನವರು ಹೊಸ ವಿಷಯ ಹೇಳಿದರು. ಒಂದು ಸೆಮಿಸ್ಟರ್ ವಿದೇಶದಲ್ಲಿ ಓದಬಹುದು. ಸ್ಕಾಟ್ಲೆಂಡ್, ಜಪಾನ್, ನಾರ್ವೆ, ಒಂದೊಂದು ಕಡೆಗೆ ಒಬ್ಬೊಬ್ಬರು. ಅರ್ಜಿಯಲ್ಲಿ ಒಂದೇ ಊರು ಬರೆಯಬೇಕು, ಅದು ತಪ್ಪಿದರೆ ಇನ್ನೊಂದು ಸಿಗುವುದಿಲ್ಲ. ಗೆಳತಿ ಅವತ್ತೇ ಸ್ಕಾಟ್ಲೆಂಡ್ ಎಂದಳು. ಅಲ್ಲಿ ಇನ್ನೂರು ವರ್ಷದ ಮರಗಳ ತೋಟವಿದೆ ಎಂದು ಕಣ್ಣರಳಿಸಿ ಹೇಳಿದಳು. ನಾನೂ ಅವತ್ತೇ ಸ್ಕಾಟ್ಲೆಂಡ್ ಎಂದು ನಿರ್ಧರಿಸಿದೆ, ಅವಳಿಗೆ ಹೇಳಲಿಲ್ಲ. ಅವಳು ಅಲ್ಲಿ ಹೋಗಿ ಕೋಟು ಹಾಕಿಕೊಂಡು ನಿಂತ ಫೋಟೋ ನನಗೆ ಕಳಿಸುವುದನ್ನು ನೆನೆಸಿಕೊಂಡರೇ ಎದೆಯಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತಿತ್ತು.

ರಜೆಗೆ ಊರಿಗೆ ಬಂದವಳು ಅರ್ಜಿ ಟೈಪ್ ಮಾಡಲು ಮೇಡಂ ಹತ್ತಿರ ಹೋದೆ. ಅವರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ನಾನು ಟೈಪ್ ಮಾಡಿದ್ದನ್ನೆಲ್ಲ ಓದಿದರು. ವಿದೇಶ ಎಂದ ಕೂಡಲೇ ಉರಿದುಬೀಳುತ್ತಾರೆ, ಉಪ್ಪು ಮೆಣಸಿನಕಾಯಿ ತರುತ್ತಾರೆ ಎಂದು ನಾನು ಕಾದೆ. ಅವರು ಆಕಳಿಸಿದರು.

“ಎಂತಕ್ಕೆ ಸ್ಕಾಟ್ಲೆಂಡು?”

“ಇಂಗ್ಲಿಷ್ ನಡೀತದೆ ಮೇಡಂ. ಹೆಸರಿದ್ದ ಜಾಗ.”

“ನಂಗೆ ಹೊಟ್ಟೆಕಿಚ್ಚೇ ಆಗ್ತಾ ಇಲ್ಲ ಮಾರಾಯ್ತಿ.”

ನನಗೆ ಅವಮಾನವಾಯಿತು. ಬ್ಯಾಂಕಿನವನಿಗೆ ಸಿಕ್ಕಷ್ಟು ಹೊಟ್ಟೆಕಿಚ್ಚೂ ನನ್ನ ಪಾಲಿಗಿಲ್ಲವೇ ಎಂದು ಅಳು ಬಂತು. ಮೇಡಂ ಕಿರುಬೆರಳು ಮುಂದೆ ಮಾಡಿದರು.

“ಅಳೋದು ಆಮೇಲೆ. ಈಗ ಒಂದೊಂದೇ ಊರನ್ನ ದಾನ ಕೊಡು ನೋಡುವ. ಸ್ಕಾಟ್ಲೆಂಡು ನಿನ್ನ ಶೃಂಗೇರಿಯವಳಿಗೆ ಕೊಟ್ಟಾಯ್ತು. ಉರೀತದಾ?”

“ಉರೀತದೆ.”

“ಅವಳಿಗೆ ಬೇಡ. ಗುರುತು ಪರಿಚಯ ಇಲ್ಲದ ಒಬ್ಬಳಿಗೆ ಕೊಟ್ಟೆ. ಈಗ?”

ನಾನು ಯೋಚಿಸಿದೆ. ಎದೆಯಲ್ಲಿ ಏನೂ ಇರಲಿಲ್ಲ.

“ಇಲ್ಲ ಮೇಡಂ.”

“ಹಂಗಾದ್ರೆ ಅದು ಜನದ ಮೇಲಿನ ಹೊಟ್ಟೆಕಿಚ್ಚು. ಅದಕ್ಕೆ ಬೆಲೆ ಇಲ್ಲ. ಜಪಾನು ಆ ಪರಿಚಯ ಇಲ್ಲದವಳಿಗೇ ಕೊಟ್ಟೆ?”

“ಕೊಡಿ.”

“ನಾರ್ವೆ?”

ನಾರ್ವೆಯ ಬಗ್ಗೆ ನಾನು ಯಾರ ಹತ್ತಿರವೂ ಮಾತೆತ್ತಿರಲಿಲ್ಲ. ಉತ್ತರದ ತುದಿಯ ಸಣ್ಣ ಊರು, ಚಳಿ, ಗೊತ್ತಿಲ್ಲದ ಭಾಷೆ. ಅಲ್ಲಿಗೆ ಹೋಗುತ್ತೇನೆಂದರೆ ಮನೆಯಲ್ಲಿ ನಗುತ್ತಾರೆ. ಆದರೆ ಅಲ್ಲಿ ಆ ಸೆಮಿಸ್ಟರ್ ಪೂರ್ತಿ ಕಲ್ಲುಹೂವಿನದೇ ಪಾಠ. ನಮ್ಮೂರ ಮೈಲಿಗಲ್ಲಿನ ಮೇಲೆ ಬೂದಿ ಬಣ್ಣದ ಕಲ್ಲುಹೂವು ಹಬ್ಬಿ ‘ಕೊಪ್ಪ’ ಎಂಬ ಅಕ್ಷರಗಳನ್ನು ಅರ್ಧ ನುಂಗಿತ್ತು. ಸಣ್ಣವಳಿದ್ದಾಗ ಶಾಲೆಯಿಂದ ಬರುವಾಗ ಬಾಟಲಿಯಲ್ಲಿ ಉಳಿದ ನೀರನ್ನು ಅದರ ಮೇಲೆ ಸುರಿದು, ಬೂದಿ ಬಣ್ಣ ಹಸಿರಾಗುವುದನ್ನು ಕೂತು ನೋಡುತ್ತಿದ್ದೆ. ಆ ಪರಿಚಯವಿಲ್ಲದವಳು ನಾರ್ವೆಯ ಬಂಡೆಯ ಮುಂದೆ ಮಂಡಿಯೂರಿ ಕೂತಿದ್ದು ಕಣ್ಣಿಗೆ ಕಟ್ಟಿತು. ಅವಳ ಜುಟ್ಟು ಹಿಡಿದು ಎಳೆಯಬೇಕು ಅನ್ನಿಸಿತು.

“ಅದನ್ನ ಕೊಡ್ಬೇಡಿ ಮೇಡಂ” ಎಂದೆ.

“ಎಂತ ಉಂಟು ಅಲ್ಲಿ?”

“ಕಲ್ಲುಹೂವು.”

“ಪಲಾವಿಗೆ ಹಾಕೋದಾ?”

“ಹೂಂ. ಅಲ್ಲಿ ನೆಲದ ತುಂಬ ಅದೇ ಅಂತೆ. ಜಿಂಕೆಗಳು ಹಿಮ ಕೆರೆದು ಅದನ್ನೇ ತಿಂತಾವಂತೆ.”

ನಾನು ಹೇಳುತ್ತ ಹೋದೆ. ಎಷ್ಟು ಹೊತ್ತು ಹೇಳಿದೆನೋ ಗೊತ್ತಿಲ್ಲ. ಮೇಡಂ ಆಕಳಿಸಲಿಲ್ಲ. ಅವರ ಮುಖ ಮೆಲ್ಲಗೆ ಕೆಂಪೇರಿತು. “ನಿಂಗೆ ಹಿಮ ನೋಡ್ಲಿಕ್ಕೆ ಸಿಗ್ತದೆ. ನಾನಿಲ್ಲಿ ಈ ದರಿದ್ರ ಕಂಪ್ಯೂಟರು ಅರಚೋದು ಕೇಳ್ತಾ ಕೂತ್ಕೋಬೇಕು. ಥೂ ನಿನ್ನ! ಸ್ಟೂಲಿನ ಮೇಲೆ ಕೂತ್ಕೋ” ಎಂದು ಎದ್ದರು.

ಉಪ್ಪು, ಮೆಣಸಿನಕಾಯಿ ಸುರುಳಿಯ ಮೇಲೆ ಬಿದ್ದವು. ಚಟಪಟ ಎಂದಿತು, ಹೊಗೆ ಎದ್ದಿತು. ನಾನು ಮೂಗು ಮುಚ್ಚಿಕೊಂಡು ಕಾದೆ. ಘಾಟು ಬರಲಿಲ್ಲ. ಮೇಡಂ ಬಗ್ಗಿ ಮೂಸಿ ನೋಡಿದರು, ನನ್ನನ್ನೂ ಕರೆದು ಮೂಸಿಸಿದರು. ಒಂದು ಕೆಮ್ಮೂ ಇಲ್ಲ. “ಕಂಡ್ಯಾ, ನನ್ನ ಕಣ್ಣು ಎಷ್ಟು ಬಿದ್ದಿತ್ತು ಅಂತ” ಎಂದರು. ಅಷ್ಟು ಸಂತೋಷ ನನಗೆ ಆಮೇಲೆ ಸೀಟು ಸಿಕ್ಕಾಗಲೂ ಆಗಲಿಲ್ಲ. ಸ್ಕಾಟ್ಲೆಂಡ್ ಎಂದಿದ್ದಲ್ಲೆಲ್ಲ ನಾರ್ವೆ ಮಾಡಿ ಅರ್ಜಿ ಮುಗಿಸಿದೆ.

ನಾರ್ವೆಗೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಅಲ್ಲಿಂದ ಹಿಮದ, ಬಂಡೆಯ ಫೋಟೋಗಳನ್ನು ಮೇಡಂಗೆ ಮೇಲ್ ಮಾಡುತ್ತಿದ್ದೆ. ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಅವರ ಉತ್ತರ ಬರುತ್ತಿತ್ತು. ಪ್ರತಿ ಉತ್ತರದ ಕೊನೆಗೂ ತಾನಿನ್ನೂ ಉರಿಯುತ್ತಿದ್ದೇನೆ ಎಂದಿರುತ್ತಿತ್ತು. ಇವತ್ತಿಗೂ ನನಗೆ ಅನ್ನ ಹಾಕುತ್ತಿರುವುದು ಕಲ್ಲುಹೂವೇ. ಅದನ್ನು ಓದುತ್ತೇನೆ, ಪಾಠ ಮಾಡುತ್ತೇನೆ. ಗೆಳತಿಗೆ ಸ್ಕಾಟ್ಲೆಂಡ್ ಸಿಕ್ಕಿತು, ಕೋಟು ಹಾಕಿಕೊಂಡ ಫೋಟೋವೂ ಬಂತು. ಎದೆಯಲ್ಲಿ ಸಿಕ್ಕಿಕೊಂಡಿದ್ದು ಪೂರ್ತಿ ಹೋಗಿತ್ತು ಎಂದು ಸುಳ್ಳು ಹೇಳುವುದಿಲ್ಲ.

ಕೆಲವು ವರ್ಷಗಳ ನಂತರ ಮೇಡಂ ತೀರಿಕೊಂಡರು. ಕೊಪ್ಪದಲ್ಲಿ ಅವರ ಅಣ್ಣನ ಮನೆಯಲ್ಲಿ ವೈಕುಂಠ ಸಮಾರಾಧನೆಯ ಊಟಕ್ಕೆ ಹೋದಾಗ ಪಂಕ್ತಿಯ ತುಂಬ ಅವರ ಬಳಿ ಕಲಿತವರೇ ಕೂತಿದ್ದರು. ನನ್ನ ಪಕ್ಕದ ಎಲೆಗೆ ಶೃಂಗೇರಿಯ ಗೆಳತಿ ಬಂದು ಕೂತಳು. ಇಬ್ಬರೂ ಅತ್ತಿದ್ದೆವು. ಅವಳಿಗೆ ಸಮಾಧಾನವಾಗಲೆಂದು, ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯಿಂದಲೇ, ನಾನು ಘಾಟು ಬಾರದ ಕಥೆ ಹೇಳಿದೆ.

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು.

“ನಾನು ನಿನಗಿಂತ ಮೊದ್ಲೇ ಹೋಗಿದ್ದೆ ಕಣೆ. ಸ್ಕಾಟ್ಲೆಂಡು ಯಾರೋ ಪರಿಚಯ ಇಲ್ಲದವಳಿಗೆ ಕೊಟ್ರೆ ಉರೀತದಾ ಅಂತ ಕೇಳಿದ್ರು. ಅಲ್ಲೇ ಜೋರಾಗಿ ಅತ್ತುಬಿಟ್ಟೆ. ಆಮೇಲೆ ದೃಷ್ಟಿ ತೆಗೆದ್ರು.”

“ಘಾಟು?” ಎಂದೆ.

“ಸ್ವಲ್ಪವೂ ಬರ್ಲಿಲ್ಲ.”

ಎಲೆಯ ಮೇಲೆ ಪಾಯಸ ಬಡಿಸುತ್ತಿದ್ದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಮೇಡಂ ಅವರ ಅಷ್ಟು ದೊಡ್ಡ ಹೊಟ್ಟೆಕಿಚ್ಚು ನನ್ನೊಬ್ಬಳದೇ ಎಂದು ಇಷ್ಟು ವರ್ಷ ನಂಬಿದ್ದೆ. ಅದರಲ್ಲೂ ಇವಳಿಗೆ ಪಾಲು ಹೋಗಿತ್ತು. ಜನದ ಮೇಲಿನ ಹೊಟ್ಟೆಕಿಚ್ಚಿಗೆ ಬೆಲೆ ಇಲ್ಲ ಎಂದಿದ್ದರು ಮೇಡಂ. ಅವರು ಹೇಳಿದ ಉಳಿದದ್ದನ್ನೆಲ್ಲ ಒಪ್ಪಿಕೊಂಡಿದ್ದೇನೆ, ಇದೊಂದನ್ನು ಬಿಟ್ಟು.