ದಿಂಬಿನಡಿಯ ಕಬ್ಬಿಣ

ಎರಡು ಸಾವಿರದ ಆರೋ ಏಳೋ ಇರಬೇಕು. ಮಳೆಗಾಲ ಮುಗಿದಿತ್ತೆಂದು ನನ್ನ ನೆನಪು. ಕಡಲು ಇನ್ನೂ ದಂಡೆಯ ಕಲ್ಲುಗಳನ್ನು ಎಳೆದೊಯ್ಯುತ್ತಿತ್ತು ಎನ್ನುತ್ತಾಳೆ ಅಕ್ಕ. ಹಾಗಿದ್ದರೆ ಮಳೆಗಾಲವೇ.

ಮರವಂತೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ಪಾರ್ಶ್ವವಾಯು ಬಡಿದು ಮಲಗಿದ್ದರು. ಬಲೆ ಎಳೆದು ಗಟ್ಟಿಯಾದ ಮೈ. ಮಾತು ಹೋಗಿತ್ತು, ಬಲಗೈ ಸೋತಿತ್ತು, ಎಡಗೈಯ ಕಸುವು ಮಾತ್ರ ಹಾಗೇ ಉಳಿದಿತ್ತು. ಎಚ್ಚರವಾಗುವಾಗ ಬೆಚ್ಚಿ ಬೀಳುತ್ತಿದ್ದರು. ಹಾಗೆ ಬೆಚ್ಚುವವರ ತಲೆದಿಂಬಿನಡಿ ಕಬ್ಬಿಣ ಇಡುವುದು ನಮ್ಮ ಮನೆಯ ರೂಢಿ. ಅಮ್ಮ ಮೀನು ಕೊಯ್ಯುವ ಸಣ್ಣ ಕತ್ತಿಯನ್ನೇ ಇಟ್ಟಿದ್ದಳು. ಹೊರಗಿನವರು ಮುಟ್ಟಿದರೆ ಫಲ ಹೋಗುತ್ತದೆಂದು ದಿಂಬನ್ನು ತಾನೇ ಸರಿಪಡಿಸುತ್ತಿದ್ದಳು.

ಮನೆಗಳಿಗೆ ನರ್ಸ್‌ಗಳನ್ನು ಒದಗಿಸುವ ಕುಂದಾಪುರದ ಒಂದು ಕಚೇರಿಯವರು ಕಳಿಸಿದ ನರ್ಸ್ ಹಾಲಾಡಿ ಕಡೆಯವಳು. ಮೊದಲ ದಿನ ಚೀಲ ಕೆಳಗಿಡುವ ಮೊದಲೇ ನನ್ನನ್ನು ಕೇಳಿದಳು. ಮನೆಯಲ್ಲಿ ನಾಯಿ ಇದೆಯೇ, ಕುಡಿಯುವವರು ಇದ್ದಾರೆಯೇ ಎಂದು. ಆಮೇಲೆ, "ಮತ್ತೆ ನಂಗ್ ಗೊತ್ತಿರ್ಕಾದ್ದ್ ಎಂತಾರೂ ಇತ್ತಾ?"

ಇಲ್ಲ ಎಂದೆ. ಉತ್ತರ ಕೊಡದೆ ಹೊರಗೆ ಹೋದೆನೇನೋ ಎಂದೂ ಕೆಲವೊಮ್ಮೆ ಅನಿಸುತ್ತದೆ. ವಿಶ್ವವಿದ್ಯಾಲಯದಲ್ಲಿ ಓದಿ ಬಂದ ನಾನು ಆ ಕಬ್ಬಿಣದ ವಿಷಯಕ್ಕೆ ಅಮ್ಮನೊಂದಿಗೆ ಎಷ್ಟು ವಾದ ಮಾಡಿದ್ದೆನೆಂದರೆ, ನನ್ನ ಪಾಲಿಗೆ ಅದು ಬರೀ ಮೂಢನಂಬಿಕೆಯಾಗಿತ್ತು. ಅದೊಂದು ಕತ್ತಿ ಎಂಬುದೇ ಹೊಳೆಯಲಿಲ್ಲ.

ಅವಳು ಮುಟ್ಟುವ ಮೊದಲು ಅಪ್ಪಯ್ಯನಿಗೆ ಹೇಳುತ್ತಿದ್ದಳು, ಈಗ ಮಗ್ಗುಲು ತಿರುಗಿಸುತ್ತೇನೆ ಎಂದು. ಅವರು ಕಣ್ಣು ಮಿಟುಕಿಸುವ ತನಕ ಕಾಯುತ್ತಿದ್ದಳು.

"ಎಂತ ಹೆಣ್ಣೇ, ಮದುಮಗನ ಒಪ್ಪಿಗಿ ಕೇಣ್ತಿದ್ಯಾ?" ಎಂದು ಅಮ್ಮ ಚುಚ್ಚಿದಳು.

"ಹೌದಮ್ಮ. ಅವ್ರ್ ಹೂಂ ಅನ್ದೆ ನಾ ಮುಟ್ಟುದಿಲ್ಲೆ."

ಕೆಲವು ವಾರಗಳಲ್ಲಿ ಅಪ್ಪಯ್ಯನ ನೋಟ ಬದಲಾಯಿತು. ಅವಳ ಮುಖ ಬಿಟ್ಟು ಕೈಗಳನ್ನೇ ನೋಡತೊಡಗಿದರು. ಯಾರಾದರೂ ಹತ್ತಿರ ಬಂದರೆ ಎಡಗೈ ಮೆಲ್ಲಗೆ ದಿಂಬಿನ ಕಡೆ ಸರಿಯುತ್ತಿತ್ತು. ಇದನ್ನು ಆಗಲೇ ಕಂಡಿದ್ದೆನೋ, ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ಕಂಡಿದ್ದರೆ ಸುಮ್ಮನಿದ್ದದ್ದು ಇನ್ನೂ ಕೆಟ್ಟದ್ದು.

ಒಂದು ಮಧ್ಯಾಹ್ನ ಬೈಂದೂರಿನಿಂದ ನೆಂಟರು ಬಂದು ಜಗಲಿಯಲ್ಲಿ ಕೂತಿದ್ದರು. ಅಪ್ಪಯ್ಯ ನಿದ್ದೆಯಲ್ಲಿದ್ದರು, ಹಾಸಿಗೆ ಒದ್ದೆಯಾಗಿತ್ತು. ಅವರಿಗೆ ಎಚ್ಚರವಾಗಲೆಂದು ಅವಳು ಮಂಚದ ಪಕ್ಕ ನಿಂತಿದ್ದಳು. ನಾಚಿಕೆಯಿಂದ ನನಗೆ ಸಿಟ್ಟು ಬಂತು.

"ಕೇಣ್ತಾ ನಿಂತ್ರೆ ಹೊತ್ತ್ ಹೋತ್ತ್. ತಿರ್ಗ್ಸ್ ಬೇಗ."

ಅದುವರೆಗೆ ಬಹುವಚನದಲ್ಲಿ ಮಾತಾಡಿಸುತ್ತಿದ್ದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ, ಏನೂ ಹೇಳದೆ, ಅವರ ಭುಜದಡಿ ಕೈ ಹಾಕಿದಳು.

ಅಪ್ಪಯ್ಯನ ಕಣ್ಣು ತೆರೆದದ್ದು ಮತ್ತು ಎಡಗೈ ಮೇಲೆ ಬಂದದ್ದು ಒಟ್ಟಿಗೇ. ಅವಳು ಹಿಂದೆ ಸರಿದಳು. ಅವಳ ಕೈ ಮೊಣಕೈಯಿಂದ ಮಣಿಕಟ್ಟಿನ ತನಕ ಸೀಳಿತ್ತು. ಟವೆಲ್ ಸುತ್ತಿಕೊಂಡು, ಕೈಗೆ ಸಿಗದಷ್ಟು ದೂರ ನಿಂತು, "ಅಪ್ಪಯ್ಯ, ನಾನೇ. ಅದ್ನ ಕೆಳ್ಗ್ ಇಡಿ," ಎಂದಳು. ಅವರು ಇಟ್ಟರು. ಅಳುತ್ತಿದ್ದರು.

ಹೊಲಿಗೆ ಹಾಕಿಸಲು ರಿಕ್ಷಾದಲ್ಲಿ ಹೋಗುವಾಗ ಅವಳು ನನಗೆ ಹೇಳಿದ್ದು ಒಂದೇ ಮಾತು. "ನಾ ಮೊದ್ಲ್ ದಿನ್ವೇ ಕೇಂಡಿದ್ದೆ, ಅಲ್ದಾ?"

ಮರುದಿನ ಕಚೇರಿಯಿಂದ ಫೋನ್ ಬಂತು. ಏನಾಯಿತು ಎಂದು ಕೇಳಿದರು. ಹೇಳದೆ ತಿರುಗಿಸಿದಳು, ಅಪ್ಪಯ್ಯ ಹೆದರಿದರು ಎಂದೆ. ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ತಿರುಗಿಸಲು ಹೇಳಿದ್ದು ನಾನೇ ಎಂದೂ ಹೇಳಿದೆನೆಂದು ವರ್ಷಗಟ್ಟಲೆ ನಂಬಿದ್ದೆ. ಫೋನಿನ ಹತ್ತಿರವೇ ನಿಂತಿದ್ದ ಅಕ್ಕ ಹಾಗೇನೂ ಕೇಳಿಸಲಿಲ್ಲ ಎನ್ನುತ್ತಾಳೆ.

ಹದಿನೈದು ದಿನ ಕಳೆದು ಆ ಕಚೇರಿಗೆ ಹೋದೆ. ಅವಳನ್ನು ಕೆಲಸದಿಂದ ತೆಗೆದಿದ್ದರು. ಅಲ್ಲಿ ಕೂತಿದ್ದ ಹೆಂಗಸಿಗೆ ಕತ್ತಿಯ ವಿಷಯ, ನನ್ನ ಮಾತು, ಎಲ್ಲ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಳು. ಅವಳ ಹಾಲಾಡಿಯ ವಿಳಾಸ ಕೇಳಿದಾಗ ಮಾತ್ರ ಇಲ್ಲವೆಂದು ತಲೆಯಾಡಿಸಿದಳು.

"ನಿಮ್ಗ್ ಕೊಡುಕಾತಿಲ್ಲೆ," ಎಂದಳು.