ಟವೆಲ್ಲಿನ ಕೆಳಗಿನ ಮಾತು

ಇವತ್ತು ಹೊಸ ಫೋನು ಮನೆಯ ವೈಫೈಗೆ ಸದ್ದಿಲ್ಲದೆ ಸೇರಿಕೊಂಡಾಗ ತಾತ ನೆನಪಾದರು.

ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು ಪಿರಿಯಾಪಟ್ಟಣದ ಇಂಟರ್‌ನೆಟ್ ಅಂಗಡಿಗೆ ತಾತನೂ ಬಂದಿದ್ದರು. ಕಂಪ್ಯೂಟರಿನ ಪಕ್ಕದ ಮೋಡೆಮ್ ಪೆಟ್ಟಿಗೆ ಕೀರಲು ದನಿಯಲ್ಲಿ ಅರಚತೊಡಗಿತು.

"ಏನ್ಲಾ ಅದು?"

"ಬೆಂಗ್ಳೂರಿನ ಮಿಷನ್ ಜೊತೆ ಮಾತಾಡ್ತೈತೆ ಗೌಡ್ರೆ. ಯಾವ್ ತರ ಮಾತಾಡ್ಬೇಕು ಅಂತ ಮೊದ್ಲು ಎರಡೂ ಒಪ್ಕತವೆ," ಎಂದ ಅಂಗಡಿಯವನು.

ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕುದುರಿಸುವುದನ್ನು ತಾತ ಜೀವನವಿಡೀ ಕಂಡಿದ್ದರು.

"ನಮ್ಗೆ ತಿಳೀಬಾರ್ದು ಅಂತ್ಲೇ ಅಂಗೆ ಮಾತಾಡದು ಕಣ್ಲಾ!"

ಪರದೆಯ ಮೇಲೆ ಬಂತು: ಗಣಿತದಲ್ಲಿ ಫೇಲ್.

ತಾತ ಒಪ್ಪಲಿಲ್ಲ. "ಇನ್ನೊಂದ್ಕಿತ ಮಾತಾಡ್ಸು. ಈ ಸಲ ಟವೆಲ್ ತೆಗ್ದು."

ಆಗ ಮಿಷನ್ನುಗಳು ಕಿರುಚಿಯಾದರೂ ಮಾತಾಡುತ್ತಿದ್ದವು. ಈಗ ಫೋನೂ ವೈಫೈಯೂ ಮಾತಾಡಿಕೊಂಡರೂ ಒಂದು ಸದ್ದೂ ಇಲ್ಲ. ವ್ಯಾಪಾರವಾಗುತ್ತಿರುವ ದನ ನಾನೇ ಇರಬೇಕು.